ಬೈಕಿಗೆ ಕುಡಿಸಿದ ಕಾಯಿನೀರು

ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿರುವ ನನಗೆ ವಿಜ್ಞಾನ ಎಷ್ಟು ಬರುತ್ತದೆ ಎಂಬುದು ಈ ವರ್ಷ ನನ್ನ ಬೈಕಿನಿಂದ ಗೊತ್ತಾಯಿತು. ಇನ್ನೊಬ್ಬರ ತಪ್ಪು ತಿದ್ದಿ ಸಂಬಳ ತೆಗೆದುಕೊಳ್ಳುವವರಿಗೆಲ್ಲ ಇಂಥದ್ದೊಂದು ದಿನ ಬರುತ್ತದೆಂದು ಕಾಣುತ್ತದೆ. ಬೈಕಿನ ರೋಗ ಇಷ್ಟೇ: ಬ್ಯಾಟರಿಗೆ ಚಾರ್ಜ್ ಏರುವುದಿಲ್ಲ. ಮೊದಲು ಹಾರ್ನ್ ಗೊಣಗುತ್ತದೆ, ಆಮೇಲೆ ಸೆಲ್ಫ್ ಒತ್ತಿದರೆ ಟಿಕ್ ಎನ್ನುತ್ತದೆ, ಕೊನೆಗೆ ಅದೂ ಇಲ್ಲ. ಈಗಿನ ಗಾಡಿಗಳು ಬ್ಯಾಟರಿ ಸತ್ತರೆ ಕಿಕ್ಕಿಗೂ ಜಗ್ಗುವುದಿಲ್ಲ.

ಬೇರೆಯವರ ಮನೆಯಲ್ಲಾದರೆ ಇದು ತಮಾಷೆಯ ಸಂಗತಿ. ನನ್ನ ಹೆಂಡತಿ ಸರೋಜಳಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಬೆಳಿಗ್ಗೆ ಏಳಕ್ಕೆ ಬಂಗಾರಪೇಟೆಯಲ್ಲಿ ಡಯಾಲಿಸಿಸ್. ಬೇತಮಂಗಲದ ಪಕ್ಕದ ನಮ್ಮೂರಿಗೆ ಆ ಹೊತ್ತಿಗೆ ಬಸ್ಸಿಲ್ಲ. ವಾಪಸ್ ಬರುವಾಗ ಅವಳು ನನ್ನ ಬೆನ್ನಿಗೆ ತಲೆ ಆನಿಸಿ ಕೂರುತ್ತಾಳೆ. ಆ ಭಾರ ಸ್ವಲ್ಪ ಸರಿದರೂ ನಾನು ಹೆದರಿ ಬ್ರೇಕ್ ಹಾಕುತ್ತೇನೆ.

ಒಂದೇ ವರ್ಷದಲ್ಲಿ ಎರಡು ಬ್ಯಾಟರಿ, ಬ್ಯಾಟರಿಗೆ ಚಾರ್ಜ್ ಕಳಿಸುವ ಎರಡು ರೆಕ್ಟಿಫೈಯರ್ ಬದಲಾದವು. ಆಯುಧಪೂಜೆಗೆ ಸರಿಯೇ, ಹೊಸ ಸಾಮಾನು ಬಿದ್ದಾಗಲೂ ಗಾಡಿಗೆ ಪೂಜೆಯಾಗದೆ ಹೊರಡಕೂಡದೆಂದು ಸರೋಜಳ ಹಟ. ಚಕ್ರದ ಕೆಳಗೆ ನಿಂಬೆಹಣ್ಣು, ಮೇಲೆ ಕುಂಕುಮ, ಎದುರಿಗೆ ತೆಂಗಿನಕಾಯಿ. ನಾನು ಮೂಢನಂಬಿಕೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ, ಆಮೇಲೆ ಕಾಯಿ ಒಡೆಯುತ್ತಿದ್ದೆ. ತಾಪತ್ರಯವೆಲ್ಲ ಆ ಕಾಯಿನೀರಿನದು. ಅವಳಿಗೆ ಕಾಯಿನೀರೆಂದರೆ ಪ್ರಾಣ. ಒಂದು ಗುಟುಕೂ ಕೂಡದು, ಅದರಲ್ಲಿನ ಪೊಟ್ಯಾಸಿಯಂ ಎದೆಬಡಿತಕ್ಕೇ ಅಪಾಯ ಎಂದಿದ್ದಾರೆ ಡಾಕ್ಟರು. ಅವಳೆದುರು ಕುಡಿಯಲು ನನಗೆ ಮನಸ್ಸು ಬಾರದು, ಚೆಲ್ಲಲು ಅವಳು ಬಿಡಳು.

"ನಂಗೆ ಬ್ಯಾಡ ಅಂದವ್ರೆ, ಗಾಡಿಗಾದ್ರೂ ಉಯ್ಯಿರಿ, ಅದಾದ್ರೂ ಕುಡೀಲಿ" ಎನ್ನುತ್ತಿದ್ದಳು. ನಾನು ಎರಡು ಹೋಳನ್ನೂ ಸೀಟಿನಿಂದ ಸೈಡ್ ಕವರಿನವರೆಗೆ ಒಂದು ಹನಿ ಉಳಿಯದಂತೆ ಸುರಿಯುತ್ತಿದ್ದೆ.

ಮೂರನೆಯ ಸಲ ಬೈಕು ನಿಂತದ್ದು ಬಂಗಾರಪೇಟೆಯ ಅರ್ಧ ದಾರಿಯಲ್ಲಿ. ಟೊಮೇಟೊ ಟೆಂಪೊವೊಂದು ನಮ್ಮನ್ನು ಹತ್ತಿಸಿಕೊಂಡು ಹೋಗುವಷ್ಟರಲ್ಲಿ ಅವಳ ಸರದಿ ಬೇರೆಯವರಿಗೆ ಹೋಗಿತ್ತು. ನಾಳೆ ಬನ್ನಿ ಎಂದರು. ಸಂಜೆಯ ಹೊತ್ತಿಗೆ ಕಾಲು ಬಾತು, ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ಕೂತಳು. ನಾನು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

"ಯಾಕಂಗೆ ನೋಡ್ತೀರಾ? ಬ್ಯಾಟ್ರಿ ಇಳೀತಾ ಐತಾ?" ಎಂದಳು.

ನನಗೆ ನಗು ಬರಲಿಲ್ಲ. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಮಾರನೆಯ ದಿನ ನೆರೆಮನೆಯವರ ಆಟೊದಲ್ಲಿ ಡಯಾಲಿಸಿಸ್ ಮುಗಿಸಿ ಬಂದು, ಬೈಕನ್ನು ಟೆಂಪೊದಲ್ಲಿ ಹಾಕಿಸಿ ರಾಬರ್ಟ್‌ಸನ್‌ಪೇಟೆಯ ತಮಿಳು ಮೆಕ್ಯಾನಿಕ್ ಸೆಲ್ವಂ ಹತ್ತಿರ ಒಯ್ದೆ. ಹಿಂದಿನ ಬ್ಯಾಟರಿ, ರೆಕ್ಟಿಫೈಯರ್ ಹಾಕಿದ್ದವನೂ ಅವನೇ. ಅವನು ಸೈಡ್ ಕವರ್ ಬಿಚ್ಚಿ, ವೈರುಗಳು ಕೂಡುವ ಪ್ಲಾಸ್ಟಿಕ್ ಕಪ್ಲರನ್ನು ಎಳೆದು ತೆಗೆದ. ಒಳಗೆ ಹಸಿರು ಕಿಲುಬು, ಕರಗಿದ ಪ್ಲಾಸ್ಟಿಕ್ಕು, ಸಂದಿನಲ್ಲಿ ಕುಂಕುಮ.

"ಎನ್ನ ಸಾರ್ ಇದು? ಪಾರ್ಟ್ ಮೇಲೆ ಪಾರ್ಟ್ ಆಕ್ದೆ, ಇದನ್ನ ಬಿಚ್ಚಿ ನೋಡ್ಲಿಲ್ಲ, ನಂದೂ ತಪ್ಪು. ಒಳ್ಗೆ ಏನೋ ನೀರು ಓಗಿದೆ. ಮಳೆ ನೀರಲ್ಲ."

"ಕಾಯಿನೀರು" ಎಂದೆ.

ಸೆಲ್ವಂ ಆ ಕಪ್ಲರನ್ನು ನನ್ನ ಕೈಗಿಟ್ಟ. "ಗಾಡಿ ಅದೆಲ್ಲಾ ಕುಡಿಯಲ್ಲ ಸಾರ್."

ಲವಣ ಕರಗಿದ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಅದು ಲೋಹವನ್ನು ತಿನ್ನುತ್ತದೆ ಎಂದು ಪ್ರತಿವರ್ಷ ಎಂಟನೇ ತರಗತಿಗೆ ಲೋಟದಲ್ಲಿ ವೈರು ಇಳಿಬಿಟ್ಟು ತೋರಿಸುವವನು ನಾನೇ. ಸೆಲ್ವಂ ಹೊಸ ಕಪ್ಲರ್ ಹಾಕಿ, ಅರ್ತ್ ವೈರಿನ ಬೋಲ್ಟು ಉಜ್ಜಿ, ಗ್ರೀಸ್ ಸವರಿ, ತಿಂಗಳಿಗೊಮ್ಮೆ ಬ್ಯಾಟರಿಗೆ ಮೀಟರ್ ಹಿಡಿದು ನೋಡುವುದನ್ನು ನನಗೆ ಹೇಳಿಕೊಟ್ಟ. ನಾನು ವಿದ್ಯಾರ್ಥಿಯಂತೆ ತಲೆಯಾಡಿಸಿದೆ.

ಸರೋಜಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಪಾಪ, ಅದ್ಕೂ ಬ್ಯಾಡ್ವಾ?" ಎಂದಳು. ಪೂಜೆ ಮಾತ್ರ ಬಿಡಲಿಲ್ಲ. ಈ ಸಲ ಕಾಯಿನೀರನ್ನು ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಹಿಡಿದಳು.

"ನೀವೇ ಕುಡೀರಿ. ನಾನ್ ನೋಡ್ತೀನಿ."

ಬೈಕಿನ ಪಕ್ಕದಲ್ಲಿ ನಿಂತು ಕುಡಿದೆ.

"ಸೀ ಐತಾ?"

"ಇಲ್ಲ, ಸಪ್ಪೆ" ಎಂದೆ.

"ಮೇಷ್ಟ್ರಾಗಿ ಸುಳ್ಳು ಏಳ್ತೀರಲ್ಲ" ಎಂದು ಹಿಂದೆ ಹತ್ತಿ ಕೂತಳು.

ಅಂದಿನಿಂದ ಬೈಕು ಕೆಟ್ಟಿಲ್ಲ. ತಿಂಗಳಿಗೊಮ್ಮೆ ಮೀಟರ್ ಹಿಡಿಯುತ್ತೇನೆ, ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟ್ ತಪ್ಪದೆ ತೋರಿಸುತ್ತದೆ. ಬೆನ್ನಿಗೆ ಆನುವ ತಲೆಯ ಭಾರ ಮಾತ್ರ ದಿನೇ ದಿನೇ ಕಡಿಮೆಯಾಗುತ್ತಿದೆ. ಅದಕ್ಕೆ ಮೀಟರನ್ನು ಎಲ್ಲಿ ಹಿಡಿಯಬೇಕೋ ಈ ವಿಜ್ಞಾನದ ಮೇಷ್ಟ್ರಿಗೆ ಗೊತ್ತಿಲ್ಲ.