ನಾಲ್ಕು ಗಂಟೆಗೆ ಸಾಯುವ ಕಾಗದ

ಎಲ್ಲ ಅನಾಹುತಕ್ಕೂ ಕಾರಣ ಅಂಗೈಯಗಲದ ಒಂದು ಕಾಗದ. ಸಗಿನ್‌ಬಾಯ್‌ಗೆ ಕೊರೋನಾ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಅವನ ಮೂಗಿಗೆ ಕಡ್ಡಿ ತುರುಕಿದ್ದು ಸೋಮವಾರ ಸಂಜೆ ನಾಲ್ಕಕ್ಕೆ. ಕಾಗದ ಬೆಟ್ಟ ಹತ್ತಿ ನಮ್ಮೂರು ಸೇರಿದ್ದು ಗುರುವಾರ ಮಧ್ಯಾಹ್ನ ಒಂದಕ್ಕೆ. ಅದರ ಆಯುಸ್ಸು ಎಪ್ಪತ್ತೆರಡೇ ಗಂಟೆ! ನಾಲ್ಕರೊಳಗೆ ಕಣಿವೆಯ ಬಾಯಲ್ಲಿರುವ ತಪಾಸಣೆ ಗೇಟು ದಾಟಿದರೆ ರಾಜಧಾನಿ ಬಿಷ್ಕೆಕ್, ಮಗಳ ಮನೆ, ನಡೆಯಲು ಹವಣಿಸುತ್ತಿರುವ ಮೊಮ್ಮಗ.

ಮಗು ನಡೆಯುವ ಮುಂಚೆ ಅದರ ಕಾಲಿಗೆ ಕರಿ-ಬಿಳಿ ದಾರ ಕಟ್ಟಿ ಕತ್ತರಿಸುವುದು ನಮ್ಮಲ್ಲಿನ ಶಾಸ್ತ್ರ. ಆ ದಾರವನ್ನು ತಾನೇ ಕತ್ತರಿಸಬೇಕೆಂದು ಸಗಿನ್‌ಬಾಯ್ ವರ್ಷದಿಂದ ಚೂರಿ ಮಸೆದೂ ಮಸೆದೂ ಅದು ಸೂಜಿಯಷ್ಟಾಗಿತ್ತು.

ಗೇಟಿಗೆ ಒಂದೇ ಗಂಟೆಯ ದಾರಿ. ಆದರೆ ಊರು ಬಿಡುವವನು ಕರೆದ ಮನೆಯ ರೊಟ್ಟಿ ಬಾಯಿಗೆ ಹಾಕದೆ ಹೊರಟರೆ ನಮ್ಮಲ್ಲಿ ಏಳು ತಲೆಮಾರು ಮಾತು ಬಿಡುತ್ತಾರೆ.

"ಏ ಸಗಿನ್‌ಬಾಯ್! ನನ್ನ ಬಾಗಿಲ ಮುಂದೆ ಕಳ್ಳನ ಥರ ಹೋಗ್ತೀಯಾ? ನಾನೇನು ಸತ್ತೋಗಿದೀನಾ?" ಪಕ್ಕದ ಮನೆಯ ಜೂರಾಕಾನ್ ಅಜ್ಜಿ ಕಾರಿಗೇ ಅಡ್ಡ ನಿಂತಳು.

"ಅಜ್ಜೀ, ನಾಲ್ಕು ಗಂಟೆಗೆ ಕಾಗದ ಸಾಯುತ್ತೆ!"

"ಸಾಯ್ಲಿ ಬಿಡು, ಅದಕ್ಕೇನು ಹೆಂಡ್ತಿ ಮಕ್ಳಾ? ಒಂದು ಚೂರು ತಿನ್ನು."

ಚೂರಿನ ಹಿಂದೆ ಬೆಣ್ಣೆ, ಬೆಣ್ಣೆಯ ಹಿಂದೆ ಚಹಾ. ಎದುರುಮನೆಯ ಮೆದೆರ್‌ಬೆಕ್ ಮೇಷ್ಟ್ರು ಬೇಲಿ ಮೇಲಿಂದಲೇ ಕೂಗಿದರು: "ಅಜ್ಜಿ ರೊಟ್ಟಿ ಇಳಿಯುತ್ತೆ, ನಮ್ದು ಗಂಟಲಲ್ಲಿ ಸಿಕ್ಕೊಳ್ಳುತ್ತೇನಯ್ಯಾ?"

ಹೀಗೆ ನಲವತ್ತೊಂದು ಮನೆ! ಕಡೆಯ ಮನೆ ದಾಟುವಾಗ ಸಗಿನ್‌ಬಾಯ್ ಉಣ್ಣೆ ತುರುಕಿದ ಮೂಟೆಯಾಗಿದ್ದ. ಸ್ಟೀರಿಂಗಿಗೂ ಹೊಟ್ಟೆಗೂ ನಡುವೆ ಗಾಳಿಗೂ ಜಾಗವಿರಲಿಲ್ಲ. ಗಂಟೆ ಮೂರೂಕಾಲು. ಕಾರು ರಸ್ತೆ ಮುಟ್ಟಿದ್ದು ನಾಲ್ಕೇ ಕಡೆ. ಗಿಡುಗಗಳು ದಾರಿ ಬಿಟ್ಟವು.

ಗೇಟಿನ ಪೊಲೀಸ್ ಗಡಿಯಾರ ನೋಡಿದ. ಮೂರು ಐವತ್ತೊಂಬತ್ತು.

"ಅಣ್ಣಾ, ನಿನ್ನ ಕಾಗದಕ್ಕೆ ಕೊನೇ ಉಸಿರು. ಬೇಗ ದಾಟು!"

ಸಗಿನ್‌ಬಾಯ್ ದಾಟಿದ. ಇಳಿದು ಆಕಾಶಕ್ಕೆ ಕೈಮುಗಿಯಬೇಕು ಎನ್ನುವಷ್ಟರಲ್ಲಿ ಬೆನ್ನ ಹಿಂದೆ, ಗೇಟಿನ ಆಚೆಯಿಂದ, "ಅಪ್ಪಾ!" ಎಂಬ ಕೂಗು.

ಮಗಳು ಬುರುಲ್! ಪಕ್ಕದಲ್ಲಿ ಅಳಿಯ, ಕಂಕುಳಲ್ಲಿ ಮೊಮ್ಮಗ. ಎದುರು ಸಾಲಿನಿಂದ ಅವರ ಕಾರು ಅದೇ ನಿಮಿಷಕ್ಕೆ ಕಣಿವೆಯೊಳಗೆ ಹೋಗಿತ್ತು.

"ಇನ್ನೂ ಕಾಗದ ಬಂದಿಲ್ಲ ಅಂತ ನಿನ್ನೆ ಫೋನಲ್ಲಿ ನೀನೇ ತಾನೇ ಅತ್ತಿದ್ದು? ಅದಕ್ಕೇ ನಾವೇ ಪರೀಕ್ಷೆ ಮಾಡಿಸ್ಕೊಂಡು ಬಂದ್ವಿ!"

ಸಗಿನ್‌ಬಾಯ್ ವಾಪಸ್ ಓಡಿದ. ಗೇಟು ಇಳಿಯಿತು. "ನಾಲ್ಕೂ ಒಂದು," ಎಂದ ಪೊಲೀಸ್. "ಕಾಗದ ತೀರ್ಕೊಂಡಿತು."

"ಹಾಗಾದ್ರೆ ನಾವೇ ಆಚೆ ಬರ್ತೀವಿ," ಎಂದಳು ಬುರುಲ್.

"ಸೀಲ್ ಬಿದ್ದಾಯ್ತಲ್ಲ ತಂಗೀ. ಒಂದು ಕಾಗದಕ್ಕೆ ಒಂದೇ ಸಲ."

"ಮಗೂಗೆ?"

ಪೊಲೀಸ್ ತಲೆ ಕೆರೆದುಕೊಂಡ. "ಐದು ವರ್ಷದೊಳಗಿನವ್ರಿಗೆ ಕಾಗದ ಬೇಡ."

ಬುರುಲ್ ಅಲ್ಲೇ ಮಗುವಿನ ಕಾಲಿಗೆ ದಾರ ಕಟ್ಟಿ, ಗೇಟಿನ ಅಡ್ಡಗಂಬದ ಕೆಳಗೆ ನಿಲ್ಲಿಸಿದಳು. ಸಗಿನ್‌ಬಾಯ್ ಡಾಂಬರಿನ ಮೇಲೆ ಮಂಡಿಯೂರಿ ಕತ್ತರಿಸಿದ. ಎರಡೂ ಕಡೆಯ ಲಾರಿಗಳು ಹಾರ್ನ್ ಹೊಡೆದ ಸದ್ದಿಗೆ ಬೆಟ್ಟದ ಹಿಮ ಕುಸಿಯಿತು.

"ಬಾ ಮರಿ, ಅಜ್ಜನ ಹತ್ರ ಬಾ!"

ಮೊಮ್ಮಗ ಅಜ್ಜನನ್ನು ನೋಡಿ ನಕ್ಕ, ಗಿರ್ರನೆ ತಿರುಗಿದ, ತನ್ನ ಜನ್ಮದ ಮೊದಲ ಏಳು ಹೆಜ್ಜೆಗಳನ್ನು ನಮ್ಮೂರಿನ ಕಡೆಗೆ ಹಾಕಿದ.

ಸಗಿನ್‌ಬಾಯ್ ಅಳಲಿಲ್ಲ, ನಗುನಗುತ್ತಲೇ ಅಡ್ಡಗಂಬದ ಮೇಲಿಂದ ತನ್ನ ಮನೆಯ ಬೀಗದ ಕೈ ಎಸೆದ. "ಕುರಿ ಹಿತ್ತಲಲ್ಲಿದೆ. ಊರಿಗೆಲ್ಲ ಊಟ ಹಾಕಿ!"

ಆಚೆಯಿಂದ ಇನ್ನೊಂದು ಬೀಗದ ಕೈ ಹಾರಿ ಬಂತು.

"ಹೊಸ ಕಾಗದ ಸಿಗೋ ತನಕ ನಮ್ಮನೇಲೇ ಇರಪ್ಪಾ," ಎಂದಳು ಬುರುಲ್. "ಕಿಟಕಿ ಹತ್ರ ಹೂವಿನ ಕುಂಡ ಇದಾವೆ, ನೀರು ಹಾಕೋದು ಮರೀಬೇಡ."