ಬೀಗತಿಯ ಹೊಟ್ಟೆಯ ಫೋಟೋ

ಮೇದೋ... ಮೇದೋ ಏನೋ ಅಂತಾರೆ, ಜಠರದ ಹಿಂದೆ ಅಡಗಿರುತ್ತಲ್ಲ, ಆ ಗ್ರಂಥಿ. ಹೆಸರು ಬಾಯಿಗೆ ಬರುತ್ತಿಲ್ಲ ಪುಟ್ಟಿ, ಅದು ಮಾಡಿಸಿದ ಫಜೀತಿ ಮಾತ್ರ ಮರೆತಿಲ್ಲ. ನಮ್ಮ ಬೀಗತಿಯ ಜೊತೆ ಎಲ್ಲಿಗೆ ಹೋದರೂ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ನಾನು ಮಂಡ್ಯ ಕಡೆಯವಳು. ಯಜಮಾನರ ಕಾಲುವೆ ಕೆಲಸಕ್ಕೆಂದು ಭೀಮರಾಯನಗುಡಿಗೆ ಬಂದು, ಶಹಾಪುರದಲ್ಲೇ ಉಳಿದೆ. ಸೊಸೆ ರಾಮಸಮುದ್ರದವಳು. ಅವಳ ತಾಯಿಯೇ ಈ ಬೀಗತಿ. ಆಕೆಗೆ ತಿಂಗಳುಗಟ್ಟಲೆ ಹೊಟ್ಟೆನೋವು. ಗಡ್ಡೆ ಇರಬಹುದು, ಇದ್ದರೆ ಕೊಯ್ಯಬೇಕು, ಸಿ.ಟಿ. ಸ್ಕ್ಯಾನ್ ಆಗದೆ ಹೇಳಲಾಗದು ಅಂದರು ಡಾಕ್ಟರು. ತಾನಿಲ್ಲದಾಗ ಎಮ್ಮೆ ಯಾರು ಹಿಂಡಬೇಕು ಅನ್ನುವುದನ್ನೂ ಹೇಳಿಯೇ ಆಕೆ ಯಾದಗಿರಿಗೆ ಹೊರಟಳು.

೧. ಖಾಲಿ ಹೊಟ್ಟೆ

"ಏನರ ತಿಂದೀರೇನಮ್ಮ?" ಸ್ಕ್ಯಾನ್ ಕೋಣೆಯ ಹುಡುಗ ಕೇಳಿದ.

"ಇಲ್ಲಪಾ, ಊಟಾನೇ ಮಾಡಿಲ್ಲ."

ಮಲಗಿಸಿದರು. ಪರದೆ ನೋಡಿದ ಡಾಕ್ಟರು ಹೊರಗೆ ಬಂದರು. "ಹೊಟ್ಟೆ ತುಂಬಾ ಏನಮ್ಮ ಇದು?"

"ಅದಾ? ಮಂಡಕ್ಕಿ ಸುಸಲಾ ರೀ. ಮ್ಯಾಲ ಎರಡು ಮಿರ್ಚಿ ಭಜಿ. ರೊಟ್ಟಿ ಮುಟ್ಟಿಲ್ಲ ನೋಡ್ರಿ, ಊಟ ಹೆಂಗಾಗ್ತದ?"

ಗುರುವಾರ ಬನ್ನಿ ಅಂದರು.

೨. ಒಬ್ಬಾಕಿನೇ ಹೆಂಗ ಕುಡೀಲಿ

ಗುರುವಾರ ನಿಜವಾಗಿಯೂ ಉಪವಾಸ. ಕರುಳು ಚೆನ್ನಾಗಿ ಕಾಣಲೆಂದು ದೊಡ್ಡ ಬಾಟಲಿ ತುಂಬ ಔಷಧದ ನೀರು ಕೊಟ್ಟು, ಒಂದು ತಾಸಿನೊಳಗೆ ಕುಡಿದು ಮುಗಿಸಿ ಅಂದರು. ಪಕ್ಕದಲ್ಲಿ ನಾನು ಮತ್ತು ಆಕೆಯ ನಾದಿನಿ. ಬೀಗತಿ ಮೊದಲ ಗ್ಲಾಸು ತುಂಬಿಸಿ ನನ್ನ ಮುಂದೆ ಹಿಡಿದಳು.

"ಅಯ್ಯೋ, ಅದು ಔಷಧ ಕಣ್ರೀ!"

"ಕುಂತವರ ಮುಂದ ಒಬ್ಬಾಕಿನೇ ಕುಡದ್ರ ಗಂಟಲಾಗ ಇಳೀತದೇನ್ರಿ ಅಕ್ಕಾರ? ನಮ್ಮ ಕೈಲೆ ಕೊಟ್ಟದ್ದು ನಿಮಗ ಸೇರಂಗಿಲ್ಲೇನು?"

ಇಷ್ಟು ವರ್ಷದಲ್ಲಿ ಆಕೆಯ ಮನೆಯ ಚಹಾ ಒಮ್ಮೆಯೂ ಬೇಡ ಅನ್ನಲಾಗಿಲ್ಲ ನನಗೆ. ಕುಡಿದೆ. ನಾದಿನಿ ಎರಡು ಗ್ಲಾಸು ಮುಗಿಸಿ ಬಾಯಿ ಒರೆಸಿಕೊಂಡು, "ಸಕ್ರಿ ಕಮ್ಮಿ ಆಗ್ಯಾದ" ಅಂದಳು.

೩. ದಂಡ

"ಕರುಳಲ್ಲಿ ಔಷಧ ಅರ್ಧವೂ ಇಲ್ಲ. ಎಲ್ಲಿ ಹೋಯ್ತು?" ಅಂತ ಪರದೆ ನೋಡಿ ಡಾಕ್ಟರು ಕೇಳಿದರೆ ಬೀಗತಿ ನಮ್ಮಿಬ್ಬರನ್ನು ತೋರಿಸಿದಳು. ನಮ್ಮನ್ನು ಹೊರಗೆ ಅಟ್ಟಿ, ಇನ್ನೊಂದು ಬಾಟಲಿ ಕುಡಿಸಿ, ಮತ್ತೆ ಸ್ಕ್ಯಾನ್ ಮಾಡಿದರು. ಆಮೇಲೆ ಎಲ್ಲರನ್ನೂ ಒಳಗೆ ಕರೆದರು. ಡಾಕ್ಟರು ಚಿತ್ರಗಳನ್ನು ಒಂದೊಂದಾಗಿ ನೋಡುವಷ್ಟು ಹೊತ್ತೂ ಬೀಗತಿ ನನ್ನ ಕೈ ಬಿಡಲಿಲ್ಲ. ಆಕೆಯ ಅಂಗೈ ತಣ್ಣಗಿತ್ತು.

"ಗಡ್ಡೆ ಇಲ್ಲಮ್ಮ. ಜಠರದ ಹಿಂದಿನ ಗ್ರಂಥಿ ಬಾತಿದೆ, ಅಷ್ಟೆ. ಗುಳಿಗೆಗೆ ಇಳಿಯುತ್ತೆ. ಕೊಯ್ಯೋದು ಬೇಡ."

ಬೀಗತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣೂ ಒದ್ದೆ. ಆಕೆ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು ಮುಂದಕ್ಕೆ ಎಳೆದಳು.

"ಸಾಹೇಬ್ರ, ನಮ್ಮ ಅಕ್ಕಾರ ಹೊಟ್ಟ್ಯಾಗೂ ಒಂದು ಗ್ಲಾಸ್ ಔಷಧ ಅದ. ಸುಮ್ನ ದಂಡ ಯಾಕ? ಇವರ್ನೂ ಒಂದೀಟು ಮಲಗಿಸ್ರಿ!"

ಪುಟ್ಟಿ, ಇದನ್ನು ಬರೆದುಕೋ. ಅಲ್ಲಿಂದ ನಿನ್ನ ಅಜ್ಜಿ ಓಡಿದಳು ಅಂತ ಮಾತ್ರ ಬರೀಬೇಡ, ಬೇಗ ನಡೆದಳು ಅಂತ ಬರಿ.