ಗುರುತು ಹತ್ತದ ನೆಟ್‌ವರ್ಕ್ ಕಾರ್ಡು

ಮಾತು ಕಡಿಮೆ ಇರುವವರ ಪಾಲಿಗೆ ಫಜೀತಿಗಳು ತಾವಾಗಿಯೇ ಬಂದು ಬೀಳುತ್ತವೆ. ಬಾಯಿ ಬಿಟ್ಟು ‘ಹಂಗಲ್ಲ ರೀ’ ಅನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆಗ ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕೆ ಸೇರಿದ್ದೆ. ಹೊಸ ಊರು, ಬಾಡಿಗೆ ಕೋಣೆ. ಓದಿದ್ದು ಇಂಗ್ಲಿಷ್ ಮೀಡಿಯಂ. ಭಾನುವಾರ ಇಡೀ ದಿನ ನಾನು ಆಡುತ್ತಿದ್ದ ಮಾತೆಂದರೆ ಹಾಲಿನವಳಿಗೆ ‘ಅರ್ಧ ಲೀಟರ್’ ಅನ್ನುವುದೊಂದೇ.

ಎಲ್ಲರೂ ಹಳೆಯ ಕಂಪ್ಯೂಟರನ್ನು ಹೊಸದಕ್ಕೆ ಜೋಡಿಸಿಕೊಳ್ಳುತ್ತಿದ್ದ ಕಾಲ ಅದು. ಜೋಡಿಸುವ ತಂತಿ ಸಿಕ್ಕಿಸಲು ಹಳೆಯದರೊಳಗೆ ನೆಟ್‌ವರ್ಕ್ ಕಾರ್ಡು ಕೂರಿಸುವುದು ಐದು ನಿಮಿಷದ ಕೆಲಸ. ಅದರ ಡ್ರೈವರ್, ಅಂದರೆ ಕಾರ್ಡನ್ನು ಕಂಪ್ಯೂಟರಿಗೆ ಪರಿಚಯ ಮಾಡಿಕೊಡುವ ಪ್ರೋಗ್ರಾಂ ಇದೆಯಲ್ಲ, ಅದನ್ನು ಹಾಕುವುದಕ್ಕೆ ಒಂದು ದಿನ. ಪರಿಚಯವಾಗದಿದ್ದರೆ ಕಾರ್ಡು ಒಳಗೇ ಕೂತಿದ್ದರೂ ಕಂಪ್ಯೂಟರಿಗೆ ಗುರುತು ಹತ್ತುವುದಿಲ್ಲ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾಲೀಕರು ಮೊದಲ ದಿನವೇ ಹೇಳಿದ್ದರು: “ನೋಡವಾ, ಮೂರು ತಿಂಗಳು ಟೈಮ್. ಅಷ್ಟರಾಗ ಗಿರಾಕಿ ಒಬ್ಬರಾದರೂ ಫೋನ್ ಮಾಡಿ ‘ಆ ಹುಡುಗಿನ್ನ ಕಳಸ್ರಿ’ ಅನ್ನಬೇಕು. ಇಲ್ಲಂದ್ರ ನೀ ನಿನ್ನ ಊರಿಗೆ.” ಊರಲ್ಲಿ ಚಿಕ್ಕಮ್ಮ ಕಾಯುತ್ತಿದ್ದಳು. ‘ಈಕಿಗೆ ಬಾಯಿ ಇಲ್ಲ, ಹೊರಗ ಹೆಂಗ ಬಾಳ್ಯಾಳು’ ಎಂದು ಮೊದಲೇ ನುಡಿದಿದ್ದವಳು ಅವಳು.

೧. ಹಾವೇರಿಯ ಟೈಪಿಂಗ್ ಕ್ಲಾಸು

ಹಾವೇರಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ನಿಂತು, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಟೀಚರು, “ಯಾಕ ನಿಂತೀ? ಒಳಗ ಬಾರವಾ. ಲಗೂ ಕುಂದ್ರು,” ಅಂದರು. ಕುಂದ್ರು ಅಂದರೆ ಕೂರುವುದು ನನ್ನ ಚಾಳಿ. ಮುಂದೆ ಟೈಪ್‌ರೈಟರ್ ಇತ್ತು. ಬೆರಳು ಹಿಡಿದು ಒಂದೊಂದಾಗಿ ಕೀಲಿಗಳ ಮೇಲಿಟ್ಟರು. ನಡುವೆ ಎರಡು ಸಲ ಬಾಯಿ ತೆರೆದೆ. “ಮಾತಾಡಬ್ಯಾಡ. ಕೈ ನೋಡಬ್ಯಾಡ. ಹೊಡಿ,” ಅಂದರು.

ಮುಕ್ಕಾಲು ತಾಸು ಹೊಡೆದೆ.

ಕೊನೆಗೆ ಟೀಚರು ನಮ್ಮ ಅಂಗಡಿಗೆ ಫೋನ್ ಹಚ್ಚಿದರು: “ಎಲ್ರಿ ನಿಮ್ಮ ಇಂಜಿನಿಯರು? ಹನ್ನೊಂದಕ್ಕ ಬರ್ತಾರ ಅಂದಿದ್ರಿ.” ಅತ್ತಲಿನ ಉತ್ತರ ಕೇಳುತ್ತ ಮೆಲ್ಲಗೆ ನನ್ನ ಕಡೆ ತಿರುಗಿದರು. ನಾನು ಇನ್ನೂ ಹೊಡೆಯುತ್ತಲೇ ಇದ್ದೆ.

ಅಲ್ಲಿನ ಕಂಪ್ಯೂಟರಿಗೆ ಕಾರ್ಡು ಕೂರಿಸಿ, ಡ್ರೈವರ್ ಹಾಕಿಕೊಟ್ಟು ಬಂದೆ. ಮರುದಿನವೇ ಅವರಿಂದ ಫೋನ್ ಬಂತು. “ಆ ಹುಡುಗಿನ್ನ ಕಳಸ್ರಿ,” ಅಂದದ್ದೂ ಖರೇ. “ಬೆರಳು ಭಾಳ ಛಲೋ ಅದಾವ. ಆರು ತಿಂಗಳು ಕ್ಲಾಸಿಗೆ ಬಂದ್ರ ಪಾಸ್ ಆಗ್ತಾಳ.” ಮಾಲೀಕರು ಈ ಫೋನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

೨. ಮೇಡ್ಲೇರಿಯ ಸಿ.ಡಿ.

ಮೇಡ್ಲೇರಿಯ ಗೊಬ್ಬರದ ಅಂಗಡಿಯಲ್ಲಿ ಕಾರ್ಡು ಕೂರಿಸಿ ಡ್ರೈವರ್ ಹಾಕತೊಡಗಿದೆ. ಅರ್ಧಕ್ಕೆ ನಿಂತ ಕಂಪ್ಯೂಟರು ತನ್ನ ಜೊತೆ ಬಂದಿದ್ದ ಹಳೆಯ ಸಿ.ಡಿ. ಕೇಳಿತು. ನಾನು ಅಂಗಡಿಯ ಯಜಮಾನರನ್ನು ಕೇಳಿದೆ.

“ಐತ್ರಿ. ಜೋಪಾನ ಇಟ್ಟೇವಿ.”

“ಎಲ್ಲಿ?”

“ಹೊಲದಾಗ.”

ಅಂಗಡಿಯ ಹಿಂದೆಯೇ ಗೋವಿನಜೋಳದ ಹೊಲ. ಗಿಳಿ ಓಡಿಸಲು ಉದ್ದಕ್ಕೂ ದಾರ ಕಟ್ಟಿ ಸಿ.ಡಿ.ಗಳನ್ನು ತೂಗುಬಿಟ್ಟಿದ್ದರು. ಬಿಸಿಲಿಗೆ ಮಿರಮಿರ ಹೊಳೆಯುತ್ತಿದ್ದವು. ಕತ್ತು ಮೇಲೆತ್ತಿ ಒಂದೊಂದನ್ನೇ ಓದುತ್ತ ನಡೆದೆ: ಯಾರದೋ ಮದುವೆ, ಭಜನೆ, ಮತ್ತೊಂದು ಮದುವೆ. ನಾಲ್ಕನೇ ಸಾಲಿನ ತುದಿಯಲ್ಲಿ ನನ್ನ ಸಿ.ಡಿ. ಸಿಕ್ಕಿತು. ಅದರ ಮೇಲೆ ಗಿಳಿಯೊಂದು ತನ್ನ ಅಭಿಪ್ರಾಯ ಬಿಟ್ಟುಹೋಗಿತ್ತು. ಕಾಲುವೆಯಲ್ಲಿ ತೊಳೆದು, ದುಪಟ್ಟಾದಲ್ಲಿ ಒರೆಸಿ, ಒಳಗೆ ಹಾಕಿದೆ. ಓಡಿತು! ಕಾರ್ಡಿನ ಗುರುತು ಹತ್ತಿತು.

ಈ ಸಲ ಹೊಗಳುತ್ತಾರೆ ಎಂದು ನಿಂತೆ. ಯಜಮಾನರು ಕೈ ಚಾಚಿದರು: “ಮುಗೀತಲ್ರಿ? ಕೊಡ್ರಿ, ವಾಪಸ್ ಕಟ್ಟಿಬರ್ತೇನಿ. ಉಳಿದವಕ್ಕ ಗಿಳಿ ಹೆದರೂದಿಲ್ಲ. ಇದೊಂದ ಒರಿಜಿನಲ್ಲು.”

ಫೋನ್ ಬರಲಿಲ್ಲ.

೩. ಬ್ಯಾಡಗಿ

ಮೂರು ತಿಂಗಳಿಗೆ ಎರಡೇ ದಿನ ಉಳಿದಿದ್ದಾಗ ಬ್ಯಾಡಗಿಗೆ ಕಳಿಸಿದರು. ಮೆಣಸಿನಕಾಯಿ ದಲಾಲರ ಅಂಗಡಿ. ಹಳೆಯ ಕಂಪ್ಯೂಟರು ದಲಾಲರ ಮೇಜಿನ ಮೇಲೆ, ಹೊಸದು ಪಕ್ಕದ ಕೋಣೆಯ ಗುಮಾಸ್ತರ ಮುಂದೆ. ಹಳೆಯದರ ಡಬ್ಬಿ ಬಿಚ್ಚಿದೆ. ಒಳಗೆಲ್ಲ ಕೆಂಪು ಪುಡಿ. ಗೊತ್ತಾಗದೆ ಒಮ್ಮೆ ಊದಿಬಿಟ್ಟೆ.

ಮೊದಲು ನಾನು ಸೀನಿದೆ, ಆಮೇಲೆ ದಲಾಲರು, ಆಮೇಲೆ ಗೋಡೆಯಾಚೆ ಗುಮಾಸ್ತರು. ಅವರಿಬ್ಬರಿಗೆ ಅದು ದಿನದ ಗಾಳಿ, ಮೂರು ಸೀನಿಗೆ ಮುಗಿಯಿತು. ನನ್ನ ಕಣ್ಣು ಮಾತ್ರ ನಿಲ್ಲಲಿಲ್ಲ.

ಕಾರ್ಡು ಕೂರಿಸಿದೆ, ಎರಡರ ನಡುವೆ ತಂತಿ ಎಳೆದೆ, ಡ್ರೈವರ್ ಹಾಕಿದೆ. ಈ ಕಂಪ್ಯೂಟರಿನಿಂದ ಆ ಕಂಪ್ಯೂಟರನ್ನು ಕರೆದು ನೋಡಿದೆ. ಉತ್ತರವಿಲ್ಲ ಎಂದು ಪರದೆಯ ಮೇಲೆ ನಾಲ್ಕು ಸಾಲು. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮತ್ತೆ ಅವೇ ನಾಲ್ಕು ಸಾಲು. ಕರೆದಷ್ಟೂ ಸಲ ಅದೇ. ಚಿಕ್ಕಮ್ಮನ ಮುಖ ನೆನಪಾಯಿತು, ಭಾನುವಾರದ ಕೋಣೆ ನೆನಪಾಯಿತು. ಕಣ್ಣಲ್ಲಿ ಮೆಣಸಿನಕಾಯಿಯ ನೀರೆಷ್ಟು, ನನ್ನದೆಷ್ಟು ಎಂದು ನನಗೇ ತಿಳಿಯದಾಯಿತು.

“ಅಳಬ್ಯಾಡ್ರಿ ಬಾಯಾರ,” ಅಂದರು ದಲಾಲರು ಗಾಬರಿಯಾಗಿ. “ಹೋದ್ರ ಒಂದು ಮಿಷನ್ ಹೋತು.”

ಕಾರ್ಡು ಹೊರತೆಗೆದು, ಅದರ ಅಂಚಿನ ಲೋಹದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಮೂರನೇ ಸಲ ಡ್ರೈವರ್ ಹಾಕಿದೆ. ಕರೆದೆ. ಉತ್ತರ ಬಂತು! ನಾಲ್ಕಕ್ಕೆ ನಾಲ್ಕು ಸಾಲೂ.

“ಏನಂತೈತಿ?” ಅಂದರು ದಲಾಲರು.

“ಇದು ‘ಇದ್ದೀಯಾ’ ಅಂತ ಕೇಳಿತು. ಅದು ‘ಇದ್ದೀನಿ’ ಅಂತು,” ಅಂದೆ ಕಣ್ಣೊರೆಸಿಕೊಂಡು.

ದಲಾಲರು ಗೋಡೆಯ ಕಡೆ ತಿರುಗಿ, “ಏನೋ, ಅದೀಯೇನು?” ಎಂದು ಕೂಗಿದರು. “ಓ, ಅದೀನ್ರಿ!” ಅಂದರು ಗುಮಾಸ್ತರು. ದಲಾಲರು ನನ್ನ ಕಡೆ ತಿರುಗಿ, “ಇಷ್ಟಕ್ಕ ಅಷ್ಟು ಅತ್ರೇನ್ರಿ?” ಅಂದರು.

ಕಡೆಯ ದಿನ ಅಂಗಡಿಯಲ್ಲಿ ನನ್ನ ಚೀಲ ಕಟ್ಟಿಕೊಳ್ಳುತ್ತಿದ್ದೆ. ಫೋನ್ ಬಂತು. ಬ್ಯಾಡಗಿಯ ದಲಾಲರ ದನಿ ನನಗೂ ಕೇಳುವಷ್ಟು ದೊಡ್ಡದು: “ಮಗ್ಗಲ ಅಂಗಡಿಯವರೂ ಕಾರ್ಡ್ ಹಾಕಸ್ತಾರಂತ. ಆ ಅಳೋ ಹುಡುಗಿನ್ನ ಕಳಸ್ರಿ. ಇದಕ್ಕ ಮೊದಲ ಬಂದವರೆಲ್ಲಾ ನಕ್ಕೋತ ಬಂದು ಕೆಡಿಸಿ ಹೋದ್ರು. ನಮ್ಮ ಮಿಷನ್ ಸಲುವಾಗಿ ಕಣ್ಣೀರು ಹಾಕಿದಾಕಿ ಈಕಿ ಒಬ್ಬಾಕಿನ!”

ಮಾಲೀಕರು ಫೋನಿಗೆ ಕೈ ಅಡ್ಡ ಹಿಡಿದು, “ಏನವಾ, ಅಲ್ಲಿ ಹೋಗಿ ಅತ್ತೇನು?” ಅಂದರು.

“ಮೆಣಸಿನಕಾಯಿ ಘಾಟು ಸರ್,” ಅಂದೆ. ಉಳಿದದ್ದು ಹೇಳಲಿಲ್ಲ.

ಅವರು ನನ್ನ ಚೀಲವನ್ನೊಮ್ಮೆ ನೋಡಿದರು. “ಬಿಚ್ಚು ಅದನ್ನ. ನಾಳೆ ಬ್ಯಾಡಗಿಗೆ ಹೋಗು. ಬರೋ ಮುಂದ ಒಂದು ಪಾವು ಮೆಣಸಿನಕಾಯಿ ತಗೊಂಡು ಬಾ. ಇನ್ನ ಮುಂದ ಹಾವೇರಿಗೆ ಹೋದ್ರೂ ಚೀಲದಾಗ ಇರಲಿ.”